ಮರದ ಪೆನ್ನಿಗೆ ಕಿಟ್ ಆರಿಸುವಾಗ ರಿಫಿಲ್‌ನಿಂದ ಶುರು ಮಾಡಿ

ಪೆನ್ ಕಿಟ್ (ಮರದ ಮೈ ಬಿಟ್ಟು ಪೆನ್ನಿನ ಉಳಿದ ಬಿಡಿಭಾಗಗಳ ಪೊಟ್ಟಣ) ಮಾರುವವರ ಚಿತ್ರಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಕ್ಲಿಪ್ಪಿನ ಹೊಳಪು, ನಡು ಉಂಗುರದ ಕುಸುರಿ, ಚಿನ್ನದ ಬಣ್ಣ. ಹೊಸಬರು ಅದನ್ನೇ ನೋಡಿ ಕೊಳ್ಳುತ್ತಾರೆ. ಕೆಲವು ತಿಂಗಳಲ್ಲಿ ರಿಫಿಲ್ ಮುಗಿಯುತ್ತದೆ, ಊರಿನ ಸ್ಟೇಷನರಿ ಅಂಗಡಿಯಲ್ಲಿ ಅದು ಸಿಗುವುದಿಲ್ಲ, ಬೀಟೆಯಲ್ಲಿ ಕಡೆದ ಚೆಂದದ ಪೆನ್ನು ಡ್ರಾಯರ್ ಸೇರುತ್ತದೆ. ಆದ್ದರಿಂದ ಆರಿಸುವ ಕ್ರಮವನ್ನೇ ಉಲ್ಟಾ ಮಾಡಿಕೊಳ್ಳಿ. ಮೊದಲು ರಿಫಿಲ್, ಆಮೇಲೆ ಅದನ್ನು ಆಡಿಸುವ ಮೆಕ್ಯಾನಿಸಂ, ಆಮೇಲೆ ಕೊಳವೆ ಮತ್ತು ಅದರ ಸುತ್ತ ಉಳಿಯುವ ಮರದ ದಪ್ಪ, ಆಮೇಲೆ ಗಿಲೀಟು. ಅಂದಚೆಂದ ಇವೆಲ್ಲ ಆದ ಮೇಲೆ.

ಪೊಟ್ಟಣದಲ್ಲಿ ಏನಿರುತ್ತದೆ, ಏನಿರುವುದಿಲ್ಲ

ಎಲ್ಲಕ್ಕಿಂತ ಸಾಮಾನ್ಯವಾದ ಸ್ಲಿಮ್‌ಲೈನ್ ಕಿಟ್ಟನ್ನೇ ತೆಗೆದುಕೊಳ್ಳೋಣ. ಪೊಟ್ಟಣ ಬಿಚ್ಚಿ ತಟ್ಟೆಗೆ ಸುರಿದರೆ ಎರಡು ಹಿತ್ತಾಳೆ ಕೊಳವೆ, ಕೆಳತುದಿಯ ಮೂತಿ, ತಿರುಗಿಸಿದರೆ ರಿಫಿಲ್ಲನ್ನು ಹೊರಗೆ ದೂಡುವ ಟ್ವಿಸ್ಟ್ ಮೆಕ್ಯಾನಿಸಂ, ನಡುವಿಗೊಂದು ಉಂಗುರ, ಕ್ಲಿಪ್, ಕ್ಲಿಪ್ಪನ್ನು ಹಿಡಿದಿಡುವ ತಲೆ, ಒಂದು ರಿಫಿಲ್ ಸಿಗುತ್ತವೆ. ಕೊಳವೆ ಒಂದೊಂದೂ ಸುಮಾರು 53 ಮಿ.ಮೀ. ಉದ್ದ. ಮರದ ತುಂಡಿಗೆ 7 ಮಿ.ಮೀ. ತೂತು ಕೊರೆದು, ಕೊಳವೆಯನ್ನು ಒಳಗೆ ಅಂಟಿಸಿ, ಲೇತಿನಲ್ಲಿ ಹೊರಮೈ ಕಡೆದು, ಉಳಿದ ಬಿಡಿಭಾಗಗಳನ್ನು ಕೊಳವೆಯ ಬಾಯಿಗೆ ಒತ್ತಿ ಕೂರಿಸಬೇಕು. ಒತ್ತುವ ಭಾಗಗಳಿಗೆ ಅಂಟು ಬೇಕಾಗಿಲ್ಲ, ಬಿಗಿತವೇ ಹಿಡಿದಿಡುತ್ತದೆ.

ಇದನ್ನೆಲ್ಲ ಮರದಲ್ಲೇ ಮಾಡಿದರಾಗದೇ ಎಂದು ಕೇಳುವವರಿದ್ದಾರೆ. ರಾಜಮಂಡ್ರಿಯಲ್ಲಿ 1932ರಿಂದ ನಡೆದುಬಂದಿರುವ ರತ್ನಂ ಪೆನ್ನಿನವರು ಎಬೊನೈಟ್ ಸರಳನ್ನು ಕಡೆದು ತಿರುಪಿನ ಥ್ರೆಡ್ಡನ್ನೂ ಅದರಲ್ಲೇ ಹಾಕುತ್ತಾರೆ, ಕಿಟ್ಟಿನ ಹಂಗಿಲ್ಲ. ಎಬೊನೈಟ್ ಗಟ್ಟಿ ರಬ್ಬರ್, ಅದಕ್ಕೆ ಎಳೆಯಿಲ್ಲ. ಮರಕ್ಕೆ ಎಳೆ ಇದೆ. ಸಣ್ಣ ಥ್ರೆಡ್ ಹಾಕಿದರೆ ಎಳೆಗುಂಟ ಉದುರುತ್ತದೆ, ಹವೆ ಬದಲಾದಂತೆ ಉಬ್ಬಿ ಕುಗ್ಗುತ್ತದೆ. ಮರದ ಪೆನ್ನಿಗೆ ಹಿತ್ತಾಳೆಯ ಬೆನ್ನೆಲುಬು ಬೇಕಾಗುವುದು ಇದಕ್ಕೇ.

ಪೊಟ್ಟಣದಲ್ಲಿ ಇಲ್ಲದವುಗಳ ಪಟ್ಟಿಯೇ ಕಿಸೆಗೆ ಭಾರ. ಆ ಕಿಟ್ಟಿಗೆ ಒಪ್ಪುವ ಬುಷ್‌ಗಳು (ಮರವನ್ನು ಎಷ್ಟು ದಪ್ಪಕ್ಕೆ ಕಡೆಯಬೇಕೆಂದು ತೋರಿಸಲು ತುಂಡಿನ ತುದಿಗಳಿಗೆ ಕೂರಿಸುವ ಲೋಹದ ಬಳೆಗಳು), ಸರಿಯಾದ ಅಳತೆಯ ಡ್ರಿಲ್ ಬಿಟ್, ತುಂಡು ಮತ್ತು ಬುಷ್‌ಗಳನ್ನು ಪೋಣಿಸಿ ಲೇತಿಗೆ ಏರಿಸುವ ಸರಳಾದ ಮ್ಯಾಂಡ್ರೆಲ್, ಕೊಳವೆಯ ತುದಿಗೆ ಸಮನಾಗಿ ಮರವನ್ನು ನೇರ ಮಾಡುವ ಟ್ರಿಮ್ಮರ್. ಇವನ್ನೆಲ್ಲ ಬೇರೆ ಕೊಳ್ಳಬೇಕು. ಕಿಟ್ ಬದಲಾದರೆ ಬುಷ್ಷೂ ಬಿಟ್ಟೂ ಬದಲು. ಐದು ಬಗೆಯ ಕಿಟ್ ಒಂದೊಂದು ಕೊಂಡವರಿಗೆ ಐದು ಜೊತೆ ಬುಷ್ಷಿನ ಖರ್ಚು ಬೀಳುತ್ತದೆ, ಕೈ ಮಾತ್ರ ಯಾವುದರಲ್ಲೂ ಪಳಗುವುದಿಲ್ಲ.

ರಿಫಿಲ್

ಬಾಲ್‌ಪೆನ್ ಕಿಟ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆ. ಒಂದು ಪಾರ್ಕರ್ ಮಾದರಿ: ಸುಮಾರು 98 ಮಿ.ಮೀ. ಉದ್ದ, ದಪ್ಪವಿರುವ ಕಡೆ ಸುಮಾರು 6 ಮಿ.ಮೀ., ಹಿಂಬದಿಯಲ್ಲಿ ಹಲ್ಲು ಹಲ್ಲಾದ ಪ್ಲಾಸ್ಟಿಕ್ ತಲೆ. ಇನ್ನೊಂದು ಕ್ರಾಸ್ ಮಾದರಿ: ಸಣಕಲು, ಪಾರ್ಕರ್‌ಗಿಂತ ಉದ್ದ, ಮೇಲ್ತುದಿಯನ್ನು ಮೆಕ್ಯಾನಿಸಂಗೆ ತಿರುಗಿಸಿ ಕೂರಿಸುವಂಥದ್ದು. ಸ್ಲಿಮ್‌ಲೈನ್, ಕಂಫರ್ಟ್, ಯುರೋಪಿಯನ್ ಎಂಬ ಹೆಸರಿನ 7 ಮಿ.ಮೀ. ಕುಟುಂಬ ಸಾಮಾನ್ಯವಾಗಿ ಕ್ರಾಸ್ ಮಾದರಿಯನ್ನು ಬೇಡುತ್ತದೆ. ಸಿಯೆರಾ, ಸಿಗಾರ್, ಬೋಲ್ಟ್ ಆ್ಯಕ್ಷನ್ ಕಿಟ್‌ಗಳು ಪಾರ್ಕರ್ ಮಾದರಿಯವು.

ನಮ್ಮ ಕಡೆ ಇದರಲ್ಲಿ ಅನುಮಾನವೇ ಬೇಡ. ಪಾರ್ಕರ್ ಮಾದರಿಯದು ಜಿಲ್ಲಾ ಕೇಂದ್ರದ ಯಾವುದೇ ಒಳ್ಳೆಯ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಇನ್ನೂ ನುಣುಪಾಗಿ ಬರೆಯಬೇಕೆಂದರೆ ಜರ್ಮನಿಯ ಶ್ಮಿಟ್ ಕಂಪನಿಯ ಈಜಿಫ್ಲೋ 9000 ಕೂಡ ಇದೇ ಅಳತೆಯದು. ಜೆಲ್ ಬೇಕೆಂದರೂ ಈ ಅಳತೆಯಲ್ಲೇ ಇದೆ. ಕ್ರಾಸ್ ಮಾದರಿಯನ್ನು ದೊಡ್ಡ ಊರುಗಳಲ್ಲೂ ಹುಡುಕಬೇಕು, ಸಿಕ್ಕರೂ ದುಬಾರಿ. ಪೆನ್ನನ್ನು ಯಾರಿಗಾದರೂ ಉಡುಗೊರೆ ಕೊಡುವುದಾದರೆ ಅಥವಾ ಮಾರುವುದಾದರೆ ಪಾರ್ಕರ್ ಮಾದರಿಯ ಕಿಟ್ಟನ್ನೇ ಹಿಡಿಯಿರಿ. ಸ್ಲಿಮ್‌ಲೈನನ್ನು ಕೈ ಪಳಗಿಸಿಕೊಳ್ಳಲು ಇಟ್ಟುಕೊಳ್ಳಿ. ಅಗ್ಗ, ಕೆಟ್ಟರೂ ಹೊಟ್ಟೆ ಉರಿಯುವುದಿಲ್ಲ.

ಹೆಸರಿನಲ್ಲೊಂದು ಗೊಂದಲವಿದೆ. ಪಾರ್ಕರ್ ಮಾದರಿಯ ರಿಫಿಲ್ಲಿಗೆ ಅಂತರರಾಷ್ಟ್ರೀಯ ಮಾನಕದಲ್ಲಿ ‘ಜಿ2’ ಎಂಬ ಗುರುತಿದೆ. ಪೈಲಟ್ ಕಂಪನಿಯ ಜೆಲ್ ಪೆನ್ನಿನ ಹೆಸರೂ ‘ಜಿ2’. ಅದರ ರಿಫಿಲ್ ಒಂದು ಸೆಂ.ಮೀ.ಗಿಂತ ಹೆಚ್ಚು ಉದ್ದ, ಪಾರ್ಕರ್ ಕಿಟ್ಟಿಗೆ ಕೂರುವುದಿಲ್ಲ. ಆನ್‌ಲೈನಿನಲ್ಲಿ ತರಿಸುವಾಗ ಹೆಸರನ್ನು ನಂಬಬೇಡಿ, ಉದ್ದ ನೋಡಿ.

ಕಿಟ್ಟಿನ ಜೊತೆ ಬರುವ ರಿಫಿಲ್ ಬಗ್ಗೆ ಒಂದು ಮಾತು. ಅದು ಬಹುಪಾಲು ಕಡಿಮೆ ದರ್ಜೆಯದು. ಮೆಕ್ಯಾನಿಸಂ ಪರೀಕ್ಷಿಸಲು ಸಾಕು. ಪೆನ್ನು ಕೈಬಿಟ್ಟು ಹೋಗುವ ಮುನ್ನ ಒಳ್ಳೆಯದೊಂದನ್ನು ಹಾಕಿ. ಬರೆಯುವಾಗ ತಡವರಿಸಿದರೆ ಕೊಂಡವರು ಬೈಯುವುದು ರಿಫಿಲ್ಲನ್ನಲ್ಲ, ನಿಮ್ಮ ಪೆನ್ನನ್ನು.

ಒಂದು ಕೊಳವೆಯೋ ಎರಡೋ

ಸಿಯೆರಾದಂಥ ಕಿಟ್ಟಿಗೆ ಒಂದೇ ಕೊಳವೆ. ಒಂದೇ ತೂತು, ಒಂದೇ ಸಲ ಅಂಟಿಸುವುದು, ಒಂದೇ ತುಂಡು ಕಡೆಯುವುದು. ಮೊದಲ ಪೆನ್ನಿಗೆ ಇದಕ್ಕಿಂತ ಸಲೀಸಾದುದಿಲ್ಲ. ಬೆರಿಯಾ ಕಂಪನಿ ಸಿಯೆರಾ ಎನ್ನುವುದನ್ನೇ ಹೋಲುವ ಕಿಟ್ಟನ್ನು ವುಡ್‌ಕ್ರಾಫ್ಟ್‌ನವರು ವಾಲ್ ಸ್ಟ್ರೀಟ್ ಎನ್ನುತ್ತಾರೆ. ಹೀಗೆ ಒಂದೇ ಬಗೆಯ ಕಿಟ್ಟಿಗೆ ಅಂಗಡಿಗೊಂದು ಹೆಸರು. ಇವುಗಳ ಬುಷ್ ಒಂದಕ್ಕೊಂದು ಒಪ್ಪುವುದೂ ಉಂಟು, ಕೂದಲೆಳೆ ವ್ಯತ್ಯಾಸ ಇರುವುದೂ ಉಂಟು. ಮಿ.ಮೀ.ನ ಭಾಗವನ್ನೂ ಅಳೆಯುವ ವರ್ನಿಯರ್ ಹಿಡಿದು ನೋಡದೆ ಒಂದರ ಬುಷ್ಷಿನಲ್ಲಿ ಇನ್ನೊಂದನ್ನು ಕಡೆಯಬೇಡಿ.

ಎರಡು ಕೊಳವೆಯ ಕಿಟ್ಟಿನಲ್ಲಿ ಮರದ ಎಳೆ ಮೇಲಿನ ತುಂಡಿನಿಂದ ಕೆಳಗಿನದಕ್ಕೆ ಹರಿದುಹೋಗುವಂತೆ ಜೋಡಿಸಬೇಕು. ಅದು ತಪ್ಪಿದರೆ ಯಾರ ಕಣ್ಣಿಗಾದರೂ ತಕ್ಷಣ ಬೀಳುತ್ತದೆ. 19 ಮಿ.ಮೀ. ಚೌಕದ, 130 ಮಿ.ಮೀ. ಉದ್ದದ ತುಂಡು ತೆಗೆದುಕೊಂಡು ಒಂದು ಮುಖದ ಮೇಲೆ ಉದ್ದಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ, ನಡುವೆ ಕತ್ತರಿಸುವ ಜಾಗದಲ್ಲಿ ಎರಡೂ ಕಡೆ ಬಾಣದ ಗುರುತು ಹಾಕಿ. ತಲಾ ಕೊಳವೆಗಿಂತ 3–4 ಮಿ.ಮೀ. ಉದ್ದ ಬಿಟ್ಟು ಕತ್ತರಿಸಿ. ಎರಡೂ ತುಂಡನ್ನು ನಡುವಿನ ಮುಖದಿಂದಲೇ ಕೊರೆಯಿರಿ. ಬಿಟ್ ಸ್ವಲ್ಪ ಓಲಾಡಿದರೂ ಅದು ತಪ್ಪುವುದು ದೂರದ ತುದಿಯಲ್ಲಿ. ಎಳೆ ಸೇರಬೇಕಾದ ನಡುಭಾಗದಲ್ಲಿ ತೂತು ಕೇಂದ್ರದಲ್ಲೇ ಇರುತ್ತದೆ.

ಯುರೋಪಿಯನ್ ಕಿಟ್ಟಿನ ನಡು ಉಂಗುರ ಅಗಲ. ಅದು ಕೂರಲು ಮೇಲಿನ ತುಂಡಿನ ತುದಿಯಲ್ಲಿ ಮರವನ್ನು ಹಿತ್ತಾಳೆಯವರೆಗೆ ತೆಗೆದು ಸಣ್ಣ ಮೆಟ್ಟಿಲು ಮಾಡಬೇಕಾಗುತ್ತದೆ. ಕತ್ತರಿಸುವ ಉಳಿ ಹಿಡಿದು ರೂಢಿಯಿಲ್ಲದವರಿಗೆ ಇದು ತಲೆನೋವು. ಮೆಟ್ಟಿಲು ಅರ್ಧ ಮಿ.ಮೀ. ಕಡಿಮೆಯಾದರೂ ಉಂಗುರ ಮತ್ತು ಮರದ ನಡುವೆ ಉಗುರು ಸಿಕ್ಕುವಷ್ಟು ಸಂದು. ಮೊದಲ ಹತ್ತು ಪೆನ್ನಿನಲ್ಲಿ ಇದನ್ನು ಮುಟ್ಟದಿರುವುದು ಜಾಣತನ.

ಸಿಗಾರ್ ಕಿಟ್ 10 ಮಿ.ಮೀ. ತೂತಿನದು, ದಪ್ಪ ಪೆನ್ನು, ದೊಡ್ಡ ಕೈಯವರಿಗೆ ಹಿತ. ಅದರ ಎರಡು ಕೊಳವೆಗಳ ಉದ್ದ ಬೇರೆ ಬೇರೆ, ಬುಷ್‌ಗಳೂ ಒಂದೊಂದು ತುದಿಗೆ ಒಂದೊಂದು ಗಾತ್ರದವು. ಲೇತಿಗೆ ಏರಿಸುವಾಗ ಕ್ರಮ ತಪ್ಪಿದರೆ ಮೂತಿಯ ಕಡೆ ದಪ್ಪ, ನಡುವೆ ಸಣ್ಣ ಆಗಿ ಕೂರುತ್ತದೆ, ತಿದ್ದಲಾಗುವುದಿಲ್ಲ. ಬುಷ್‌ಗಳ ಮೇಲೆ ಫೈಲಿನಿಂದ ಒಂದು, ಎರಡು, ಮೂರು, ನಾಲ್ಕು ಗೀರು ಹಾಕಿಟ್ಟುಕೊಳ್ಳಿ.

ಮರ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ

ಕಿಟ್ ಆರಿಸುವಾಗ ಯಾರೂ ಮಾಡದ, ಆದರೆ ಮಾಡಲೇಬೇಕಾದ ಲೆಕ್ಕ ಇದು. ಬುಷ್ಷಿನ ಹೊರ ಅಳತೆಯಿಂದ ತೂತಿನ ಅಳತೆ ಕಳೆದು ಎರಡರಿಂದ ಭಾಗಿಸಿ. ಸ್ಲಿಮ್‌ಲೈನಿನ ಬುಷ್ ಸುಮಾರು 8.4 ಮಿ.ಮೀ., ತೂತು 7 ಮಿ.ಮೀ. ಅಂದರೆ ತುದಿಯಲ್ಲಿ ಉಳಿಯುವ ಮರ 0.7 ಮಿ.ಮೀ., ಒಂದು ಎಟಿಎಂ ಕಾರ್ಡಿಗಿಂತ ತುಸುವೇ ಕಡಿಮೆ ದಪ್ಪ. ಸಿಯೆರಾ ಬಗೆಯದು ನೋಡಲು ದಪ್ಪ ಪೆನ್ನಾದರೂ ಅದರ ತೂತೇ 10.7 ಮಿ.ಮೀ. ಇರುವುದರಿಂದ ತುದಿಗಳಲ್ಲಿ ಒಂದು ಮಿ.ಮೀ. ಮರವೂ ಉಳಿಯುವುದಿಲ್ಲ. ಪೆನ್ನು ದಪ್ಪವಾದಷ್ಟೂ ಮರ ದಪ್ಪ ಎಂಬ ಅಂದಾಜು ಇಲ್ಲಿ ಕೆಲಸ ಮಾಡುವುದಿಲ್ಲ.

ಇದರಿಂದ ಮರದ ಆಯ್ಕೆ ನೇರವಾಗಿ ತೀರ್ಮಾನವಾಗುತ್ತದೆ. ಬೀಟೆ, ಹುಣಸೆಯ ಚೇಗು, ಕಾಫಿ ಗಿಡದ ಕಾಂಡದಂಥ ಗಟ್ಟಿ, ಒತ್ತೆಳೆಯ ಮರಗಳು 0.7 ಮಿ.ಮೀ.ಗೂ ನಿಲ್ಲುತ್ತವೆ. ತೇಗದ ಒರಟು ಎಳೆ ತುದಿಯಲ್ಲಿ ಚಕ್ಕೆ ಏಳುತ್ತದೆ. ತೆಂಗಿನ ಮರ ಚುಕ್ಕಿ ಚುಕ್ಕಿಯಾಗಿ ಬಲು ಚೆಂದ ಕಾಣುತ್ತದೆ, ಆದರೆ ಗಟ್ಟಿ ನಾರಿನ ನಡುವಿನ ಮೆದು ಭಾಗ ತೆಳುವಾದೊಡನೆ ಪುಡಿಯಾಗುತ್ತದೆ. ತೆಳುವಾದ ಸೂಪರ್ ಗ್ಲೂ ಕುಡಿಸಿ ಗಟ್ಟಿ ಮಾಡಿಕೊಳ್ಳದೆ ಅದನ್ನು ಸಣ್ಣ ಕಿಟ್ಟಿಗೆ ಹಾಕಬೇಡಿ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರ ಬೆಣ್ಣೆಯಂತೆ ಕಡೆಯಲು ಬರುತ್ತದೆ, ಆದರೆ ಮೆದು. ಅದಕ್ಕೆ ಸಿಗಾರಿನಂಥ, ನಡುವೆ ಮರ ತುಂಬಿಕೊಂಡಿರುವ ಕಿಟ್ ಸರಿ. ಅದರ ಮೇಲೆ ಅರಗಿನ ಬಣ್ಣ ಏರಿಸುವುದಾದರೆ ಅರಗಿಗೂ ದಪ್ಪವಿದೆ ಎಂಬುದು ನೆನಪಿರಲಿ. ಬುಷ್ಷಿನ ಮಟ್ಟಕ್ಕಿಂತ ತುಸು ಕೆಳಗೆ ಕಡೆದು, ಅರಗು ಆ ಕೊರತೆ ತುಂಬುವಂತೆ ಬಿಡಬೇಕು. ಸೂಪರ್ ಗ್ಲೂ ಪದರದ ಪಾಲಿಶ್ ಮಾಡುವವರಿಗೂ ಇದೇ ಮಾತು.

ಮರ ಒಣಗಿರಬೇಕು. ಹಿತ್ತಾಳೆ ಕುಗ್ಗುವುದಿಲ್ಲ, ಮರ ಕುಗ್ಗುತ್ತದೆ. ಮಳೆಗಾಲದಲ್ಲಿ ಮಲೆನಾಡಿನಿಂದ ತಂದ ಹಸಿ ತುಂಡನ್ನು ಹಾಗೇ ಕಡೆದು ಬಳ್ಳಾರಿಯ ಬೇಸಿಗೆಗೆ ಒಡ್ಡಿದರೆ ಕೊಳವೆಯುದ್ದಕ್ಕೂ ಸೀಳು ಬಿಡುವುದು ಖಂಡಿತ. ಮರ ತೆಳುವಾದಷ್ಟೂ ಸೀಳು ಬೇಗ.

ಇಂಚಿನ ಬಿಟ್ಟು, ಮಿಲಿಮೀಟರಿನ ಅಂಗಡಿ

ಅಮೆರಿಕದ ಕಂಪನಿಗಳ ಕಿಟ್‌ಗಳ ಸೂಚನಾ ಹಾಳೆಯಲ್ಲಿ ಬಿಟ್ಟಿನ ಅಳತೆ ಹಲವು ಸಲ ಇಂಚಿನ ಭಿನ್ನರಾಶಿಯಲ್ಲಿರುತ್ತದೆ. ಸಿಯೆರಾ ಬಗೆಯದು 27/64 ಇಂಚು ಕೇಳುತ್ತದೆ, ಅಂದರೆ 10.72 ಮಿ.ಮೀ. ಬೋಲ್ಟ್ ಆ್ಯಕ್ಷನ್ 3/8 ಇಂಚು, ಅಂದರೆ 9.53 ಮಿ.ಮೀ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವುದು 10.5, 11 ಇಂಥವು. ಹತ್ತಿರ ಇದೆಯಲ್ಲ ಎಂದು 10.5 ತಂದರೆ ಕೊಳವೆ ಒಳಗೆ ಹೋಗುವುದಿಲ್ಲ. 11 ತಂದರೆ ಸುತ್ತ ಸಂದು ಉಳಿದು ಅಂಟು ಹಿಡಿಯುವುದಿಲ್ಲ, ಮೇಲಿಂದ ಇರುವ ಅಷ್ಟಿಷ್ಟು ಮರದಲ್ಲೂ ಕಳೆದುಕೊಂಡಂತೆ. ಯಂತ್ರದ ಬಿಡಿಸಾಮಾನು ಮಾರುವ ಅಂಗಡಿಯಲ್ಲಿ 0.1 ಮಿ.ಮೀ. ಅಂತರದಲ್ಲಿ ಹೈಸ್ಪೀಡ್ ಸ್ಟೀಲ್ ಬಿಟ್‌ಗಳು ಸಿಗುತ್ತವೆ, ಅಲ್ಲಿ 10.7 ಮತ್ತು 9.5 ಕೇಳಿ. ಮೊದಲು ಕೊಳವೆಯನ್ನು ವರ್ನಿಯರ್‌ನಲ್ಲಿ ಅಳೆದುಕೊಂಡೇ ಹೋಗಿ. ತೂತು ಕೊಳವೆಗಿಂತ 0.1ರಿಂದ 0.2 ಮಿ.ಮೀ. ಹೆಚ್ಚಿದ್ದರೆ ಅಂಟಿಗೆ ಜಾಗ ಸಿಕ್ಕಂತಾಯಿತು. ಒಂದು ಹಳೇ ತುಂಡಿನಲ್ಲಿ ತೂತು ಹಾಕಿ ಕೊಳವೆ ಜಾರಿಸಿ ನೋಡಿ. ಕೈಯಿಂದ ಸಲೀಸಾಗಿ ಹೋಗಬೇಕು, ಗಲಗಲ ಅನ್ನಬಾರದು.

ಕೊರೆಯುವಾಗ ವೇಗ ಕಡಿಮೆ ಇರಲಿ. ಪ್ರತಿ 10 ಮಿ.ಮೀ.ಗೆ ಬಿಟ್ಟನ್ನು ಹೊರಗೆಳೆದು ಹೊಟ್ಟು ಕೊಡವಿ. ಹೊಟ್ಟು ಕಟ್ಟಿಕೊಂಡರೆ ಬಿಸಿಯಾಗಿ ಮರ ಒಳಗಿಂದಲೇ ಬಿರಿಯುತ್ತದೆ. ಅದು ಆಗ ಕಾಣುವುದಿಲ್ಲ, ಪಾಲಿಶ್ ಮಾಡುವಾಗ ಕಾಣುತ್ತದೆ.

ಮೆಕ್ಯಾನಿಸಂ: ತಿರುಗಿಸುವುದು, ಒತ್ತುವುದು, ಎಳೆಯುವುದು

ಟ್ವಿಸ್ಟ್ ಸರಳ, ಸದ್ದಿಲ್ಲ. ಅಗ್ಗದ ಸ್ಲಿಮ್‌ಲೈನ್ ಕಿಟ್ಟಿನಲ್ಲಿ ಮೊದಲು ಸವೆಯುವುದೂ ಅದೇ. ಕೊಂಡ ಕೂಡಲೇ ಕೈಯಲ್ಲಿ ಹಿಡಿದು ಇಪ್ಪತ್ತು ಸಲ ಆಡಿಸಿ. ಎರಡೂ ಕೊನೆಯಲ್ಲಿ ‘ನಿಂತೆ’ ಎಂದು ಬೆರಳಿಗೆ ತಿಳಿಯಬೇಕು, ನಡುವೆ ಮರಳು ಸಿಕ್ಕಿದಂತೆ ಕರಕರ ಅನ್ನಬಾರದು. ಒತ್ತುವ ಬಗೆಯದು ಬ್ಯಾಂಕು, ಕಚೇರಿಯಲ್ಲಿ ಒಂದೇ ಕೈಯಲ್ಲಿ ಬರೆಯುವವರಿಗೆ ಅನುಕೂಲ. ಪೆನ್ ಸ್ಟೇಟ್ ಇಂಡಸ್ಟ್ರೀಸ್‌ನವರ ಬೋಲ್ಟ್ ಆ್ಯಕ್ಷನ್‌ನಲ್ಲಿ ಬಂದೂಕಿನ ಬೋಲ್ಟಿನಂಥ ಸಣ್ಣ ಹಿಡಿಯನ್ನು ಕೆಳಗೆಳೆದು ಪಕ್ಕಕ್ಕೆ ಸಿಕ್ಕಿಸಬೇಕು. ಅದು ಆಟಿಕೆಯಂತೆ ಎಲ್ಲರ ಕೈಗೂ ಹಿಡಿಸುತ್ತದೆ, ಗಟ್ಟಿಮುಟ್ಟೂ ಹೌದು. ಪೆನ್ನು ತೂಕ ಹೆಚ್ಚು, ಜುಬ್ಬಾದ ಜೇಬು ಜೋಲುತ್ತದೆ.

ಯಾವ ಮೆಕ್ಯಾನಿಸಂ ಆದರೂ ಅದು ಕೊಳವೆಯ ಉದ್ದವನ್ನು ನಂಬಿ ನಿಂತಿದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಅಂಟಿಸಿದ ಮೇಲೆ ಮರದ ತುದಿಯನ್ನು ಟ್ರಿಮ್ಮರಿನಿಂದ ಹೆರೆಯುವಾಗ ಹಿತ್ತಾಳೆ ಹೊಳೆದದ್ದೇ ನಿಲ್ಲಿಸಬೇಕು. ಇನ್ನೆರಡು ಸುತ್ತು ತಿರುಗಿಸಿದರೆ ಕೊಳವೆಯೂ ಸವೆಯುತ್ತದೆ. ಒಂದು ಮಿ.ಮೀ. ಸವೆದ ಸಿಯೆರಾದಲ್ಲಿ ರಿಫಿಲ್ಲಿನ ತುದಿ ಒಳಗೆ ಹೋದಾಗಲೂ ಮೂತಿಯಿಂದ ಇಣುಕುತ್ತಿರುತ್ತದೆ, ಜೇಬಿಗೆ ಮಸಿ ಬಳಿಯುತ್ತದೆ. ಆಮೇಲೆ ಕಿಟ್ಟೇ ಸರಿಯಿಲ್ಲ ಎಂದು ದೂರುವುದು.

ಸ್ಲಿಮ್‌ಲೈನಿನಲ್ಲಿ ಈ ತಪ್ಪು ಇನ್ನೊಂದು ದಾರಿಯಿಂದ ಬರುತ್ತದೆ. ಅದರ ಮೆಕ್ಯಾನಿಸಂನ ಹಿತ್ತಾಳೆ ಭಾಗವನ್ನು ಕೆಳಗಿನ ಕೊಳವೆಗೆ ಒತ್ತಬೇಕು. ಎಷ್ಟು ಒತ್ತಬೇಕೆಂದು ಅದರ ಮೇಲೊಂದು ಗೆರೆಯೋ ತಗ್ಗೋ ಇರುತ್ತದೆ. ಹೆಚ್ಚು ಒತ್ತಿದರೆ ರಿಫಿಲ್ ಒಳಸರಿಯುವುದೇ ಇಲ್ಲ, ಹಿಂದಕ್ಕೆ ಎಳೆಯುವುದು ಸುಲಭವಲ್ಲ. ಆದ್ದರಿಂದ ಗೆರೆಗೆ 2–3 ಮಿ.ಮೀ. ಮುಂಚೆಯೇ ನಿಲ್ಲಿಸಿ, ರಿಫಿಲ್ ತಿರುಗಿಸಿ ಹಾಕಿ, ತುದಿ ಎಷ್ಟು ಹೊರಬಂತು ನೋಡಿ, ಸಾಲದಿದ್ದರೆ ಕೂದಲೆಳೆಯಷ್ಟು ಒತ್ತಿ, ಮತ್ತೆ ನೋಡಿ. ಬರೆಯುವ ತುದಿ 2–3 ಮಿ.ಮೀ. ಹೊರಗಿದ್ದು, ತಿರುಗಿಸಿದರೆ ಪೂರ್ತಿ ಮರೆಯಾಗಬೇಕು. ಕೊಳವೆ ಸವೆದಿದ್ದರೆ ಗೆರೆಯನ್ನು ನಂಬಲೇಬೇಡಿ, ಕಣ್ಣನ್ನು ನಂಬಿ.

ಗಿಲೀಟು

ಮಾರುವವರ ಪಟ್ಟಿಯಲ್ಲಿ 24 ಕ್ಯಾರೆಟ್ ಚಿನ್ನ, ಕ್ರೋಮ್, ಗನ್‌ಮೆಟಲ್, ಟೈಟೇನಿಯಂ ಗೋಲ್ಡ್, ಬ್ಲ್ಯಾಕ್ ಟೈಟೇನಿಯಂ, ರೋಡಿಯಂ ಎಂದೆಲ್ಲ ಇರುತ್ತದೆ. ಕ್ಯಾರೆಟ್ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಆಭರಣದಂಗಡಿಯ ಲೆಕ್ಕ ಇಲ್ಲಿ ತಲೆಕೆಳಗು. ಅಪ್ಪಟ ಚಿನ್ನ ಮೆದು, ಅದರ ಲೇಪ ತೀರ ತೆಳು, ದಿನಾ ಬೆವರು ತಾಗುವ ಮೂತಿಯಲ್ಲಿ ಅದು ಮೊದಲು ಮಾಸುತ್ತದೆ. ಚಿನ್ನದ ಬಣ್ಣವೇ ಬೇಕೆಂದರೆ ಟೈಟೇನಿಯಂ ಗೋಲ್ಡ್ ತೆಗೆದುಕೊಳ್ಳಿ. ಡ್ರಿಲ್ ಬಿಟ್‌ಗಳ ಮೇಲೆ ಕಾಣುವ ಆ ಹಳದಿ ಲೇಪವೇ ಇದು, ಬಲು ಗಟ್ಟಿ. ಬಿಳಿ ಬಣ್ಣದಲ್ಲಿ ಕ್ರೋಮ್ ಬೆಲೆಗೆ ತಕ್ಕ ಬಾಳಿಕೆ ಕೊಡುತ್ತದೆ, ರೋಡಿಯಂ ಅದಕ್ಕಿಂತ ದುಬಾರಿ. ಕಪ್ಪಿನಲ್ಲಿ ಬ್ಲ್ಯಾಕ್ ಟೈಟೇನಿಯಂ ನಿಲ್ಲುತ್ತದೆ, ಬಣ್ಣ ಬಳಿದಂತಿರುವ ಕಪ್ಪು ಇನಾಮೆಲ್ ಕೆಳಗೆ ಬಿದ್ದರೆ ಚಕ್ಕೆ ಏಳುತ್ತದೆ.

ಕರಾವಳಿಯಲ್ಲಿರುವವರು, ಕೈ ಹೆಚ್ಚು ಬೆವರುವವರು ಇದರಲ್ಲಿ ಚೌಕಾಸಿ ಮಾಡಬೇಡಿ. ಕ್ರೋಮ್ ಲೇಪದ ಕೆಳಗೆ ಸಾಮಾನ್ಯವಾಗಿ ನಿಕಲ್ ಪದರ ಇರುತ್ತದೆ. ಮೇಲಿನದು ಸವೆದರೆ ನಿಕಲ್ ಒಗ್ಗದ ಕೆಲವರ ಬೆರಳಿಗೆ ನವೆ ಬರುತ್ತದೆ. ಬಣ್ಣದ ಜೋಡಿ ಅವರವರ ರುಚಿ. ಆದರೂ ಬೀಟೆಯಂಥ ಗಾಢ ಮರಕ್ಕೆ ಗನ್‌ಮೆಟಲ್ ಹಾಕಿದರೆ ಎರಡೂ ಒಂದರೊಳಗೊಂದು ಕರಗಿ ಪೆನ್ನು ಮಂಕಾಗಿ ಕಾಣುತ್ತದೆ. ಹಲಸಿನ ಹಳದಿಗೆ ಕಪ್ಪು ಚೆನ್ನಾಗಿ ಒಪ್ಪುತ್ತದೆ.

ಫೌಂಟನ್ ಪೆನ್ ಕಿಟ್: ಆತುರ ಬೇಡ

ಫೌಂಟನ್ ಮತ್ತು ರೋಲರ್‌ಬಾಲ್ ಕಿಟ್‌ಗಳಲ್ಲಿ ಮೈ, ಕ್ಯಾಪು ಎಂದು ಎರಡು ಬೇರೆ ಗಾತ್ರದ ಕೊಳವೆ. ಹಾಗಾಗಿ ಎರಡು ಬಿಟ್. ಜೂನಿಯರ್ ಜೆಂಟ್ ಬಗೆಯದಕ್ಕೆ 10.5 ಮತ್ತು 12.5 ಮಿ.ಮೀ. ಬೇಕು. ಮರದ ತುಂಡೂ 19 ಮಿ.ಮೀ. ಸಾಲದೆ 22 ಮಿ.ಮೀ. ಇದ್ದರೆ ನಿರಾಳ. ಬೆಲೆಯೂ ಬಾಲ್‌ಪೆನ್ ಕಿಟ್ಟಿನ ಕೆಲವು ಪಟ್ಟು.

ಕೊಳ್ಳುವ ಮುಂಚೆ ನೋಡಬೇಕಾದ್ದು ನಾಲ್ಕಿವೆ. ಕ್ಯಾಪು ಎಷ್ಟು ಸುತ್ತಿಗೆ ಬಿಚ್ಚಿಕೊಳ್ಳುತ್ತದೆ: ಒಂದೂವರೆ ಸುತ್ತು ಸರಿ, ನಾಲ್ಕು ಸುತ್ತಾದರೆ ಟಿಪ್ಪಣಿ ಬರೆಯುವವರು ರೋಸಿಹೋಗುತ್ತಾರೆ. ಬೆರಳಿಡುವ ಭಾಗ ಬರೀ ನುಣುಪು ಲೋಹವೋ: ಬೆವರಿಗೆ ಜಾರುತ್ತದೆ, ಪ್ಲಾಸ್ಟಿಕ್ಕಿನದು ನೋಡಲು ಸಾದಾ ಆದರೂ ಹಿಡಿತ ಒಳ್ಳೆಯದು. ಇಂಕು ತುಂಬುವ ಕನ್ವರ್ಟರ್ ಅಂತರರಾಷ್ಟ್ರೀಯ ಮಾದರಿಯದೋ: ಹಾಗಿದ್ದರೆ ಹಾಳಾದಾಗ ಬೇರೆ ಸಿಗುತ್ತದೆ. ನಾಲ್ಕನೆಯದು ನಿಬ್ಬು 5ನೇ ನಂಬರೋ 6ನೇದೋ ಎಂಬುದು. 6 ಆದರೆ ಮುಂದೆ ಜರ್ಮನಿಯ ಬಾಕ್, ಯೋವೊ ಅಥವಾ ಕಾನ್ಪುರದ ಕ್ಯಾನ್‌ರೈಟ್ ನಿಬ್ಬು ಹಾಕಿಕೊಳ್ಳುವ ದಾರಿ ತೆರೆದಿರುತ್ತದೆ. ಆದರೆ ನಂಬರು ಒಂದೇ ಆದರೂ ನಿಬ್ಬಿನ ಕೆಳಗೆ ಇಂಕು ಹರಿಸುವ ಫೀಡಿನ ದಪ್ಪ ಕಂಪನಿಯಿಂದ ಕಂಪನಿಗೆ ತುಸು ಬದಲಾಗುತ್ತದೆ, ಬಲವಂತ ಮಾಡಬೇಡಿ. ಕನ್ನಡ ಬರೆಯುವವರಿಗಾದರೆ ಫೈನ್ ನಿಬ್ಬು ಹಾಕಿ. ಮೀಡಿಯಂನಲ್ಲಿ ಸಣ್ಣ ಒತ್ತಕ್ಷರಗಳ ಹೊಟ್ಟೆ ಇಂಕಿನಿಂದ ಮುಚ್ಚಿಹೋಗುತ್ತದೆ.

ಜೋಡಿಸಿದ ಮೇಲೆ ಖಾಲಿ ಕ್ಯಾಪಿನ ಬಾಯಿಗೆ ತುಟಿಯಿಟ್ಟು ಊದಿ. ಗಾಳಿ ಕ್ಲಿಪ್ಪಿನ ಕಡೆಯಿಂದ ಸುಯ್ಯೆಂದು ಹೊರಹೋದರೆ ನಿಬ್ಬು ಒಂದೆರಡು ದಿನದಲ್ಲೇ ಒಣಗುತ್ತದೆ. ತಲೆಯ ಭಾಗ ಬಿಚ್ಚುವಂಥದ್ದಾದರೆ ಥ್ರೆಡ್ಡಿಗೆ ಸ್ವಲ್ಪ ಮೇಣ ಸವರಿದರೆ ಸಾಕಾಗುವುದುಂಟು.

ಕಿಟ್ ಕೈಗೆ ಬಂದಾಗ

ಪೊಟ್ಟಣ ಬಿಚ್ಚುವುದು ಮರ ಕೊರೆಯುವ ದಿನವಲ್ಲ, ತಲುಪಿದ ದಿನ. ಭಾಗಗಳನ್ನು ಎಣಿಸಿ. ಅಯಸ್ಕಾಂತ ತಾಗಿಸಿ ನೋಡಿ: ಹಿತ್ತಾಳೆ ಕೊಳವೆ ಅಂಟಬಾರದು. ಕೊಳವೆಯನ್ನು ಗಾಜಿನ ಮೇಲೆ ಉರುಳಿಸಿ: ಸಾಗಣೆಯಲ್ಲಿ ನಜ್ಜಾಗಿದ್ದರೆ ಕುಂಟುತ್ತದೆ. ಎರಡು ಕೊಳವೆ ಒಂದೇ ಉದ್ದದವು ಎಂದಿದ್ದರೆ ಪಕ್ಕಪಕ್ಕ ನಿಲ್ಲಿಸಿ ನೋಡಿ. ಮೂತಿಯನ್ನು ಕೊಳವೆಯ ಬಾಯಿಗೆ ಕೈಯಲ್ಲೇ ತುರುಕಿ: ಒಂದಿಷ್ಟು ಹೋಗಿ ನಿಲ್ಲಬೇಕು. ಪೂರ್ತಿ ಬಿದ್ದುಹೋದರೆ ಜೋಡಿಸುವಾಗ ಒಂದು ಹನಿ ಅಂಟು ಬೇಕಾಗುತ್ತದೆ. ಅಂಚೇ ಒಳಹೋಗದಿದ್ದರೆ ಒತ್ತಿದಾಗ ಕೊಳವೆ ಹಿಗ್ಗಿ ಮೇಲಿನ ತೆಳು ಮರ ಸೀಳುತ್ತದೆ. ಆಗ ಉಪ್ಪು ಕಾಗದ ಸುತ್ತಿದ ಕಡ್ಡಿಯಿಂದ ಕೊಳವೆಯ ಒಳಬಾಯನ್ನು ತುಸು ಉಜ್ಜಿಕೊಳ್ಳಬೇಕು.

ಬಿಗಿಯಾಗಲು ಇನ್ನೊಂದು ಕಾರಣ ಕಿಟ್ಟಿನದಲ್ಲ, ಅಂಟಿನದು. ಕೊಳವೆ ಜಾರಿಸುವಾಗ ಅರಾಲ್ಡೈಟ್ ಒಳಗೆ ನುಗ್ಗಿ ಗಟ್ಟಿಯಾಗಿರುತ್ತದೆ. ಇದಕ್ಕೆ ಅಡುಗೆಮನೆಯಲ್ಲೇ ಮದ್ದಿದೆ: ಅರ್ಧ ಸೆಂ.ಮೀ. ದಪ್ಪಗೆ ಹಸಿ ಆಲೂಗೆಡ್ಡೆ ಬಿಲ್ಲೆ ಕತ್ತರಿಸಿ, ಕೊಳವೆಯ ತುದಿಯನ್ನು ಅದರ ಮೇಲಿಟ್ಟು ಒತ್ತಿ. ಒಂದು ಗುಂಡು ಬಿರಡೆ ಒಳಗೆ ಕೂರುತ್ತದೆ. ಆ ತುದಿ ಮೊದಲು ಹೋಗುವಂತೆ ತೂತಿಗೆ ತಿರುಗಿಸುತ್ತ ಜಾರಿಸಿ. ಅಂಟು ಒಣಗಿದ ಮೇಲೆ ಕಡ್ಡಿಯಿಂದ ದೂಡಿದರೆ ಬಿರಡೆ ಹೊರಗೆ, ಕೊಳವೆ ಒಳಗೆ ಸ್ವಚ್ಛ. ಅಂಟಿಸುವ ಮುನ್ನ ಕೊಳವೆಯ ಹೊರಮೈಯನ್ನು ಒರಟು ಉಪ್ಪು ಕಾಗದದಿಂದ ಅಡ್ಡಡ್ಡ ಉಜ್ಜುವುದನ್ನು ಬಿಡಬೇಡಿ. ಹೊಳೆಯುವ ಹಿತ್ತಾಳೆಗೆ ಅಂಟು ಹಿಡಿಯುವುದಿಲ್ಲ, ಕಡೆಯುವಾಗ ಮರ ಕೊಳವೆಯ ಮೇಲೆ ಗಿರಗಿರ ಸುತ್ತತೊಡಗುತ್ತದೆ.

ಬುಷ್‌ಗಳನ್ನೂ ಅಳೆಯಿರಿ, ಜೊತೆಗೆ ಮೂತಿ, ಉಂಗುರ, ತಲೆ ಇವುಗಳ ಹೊರ ಅಳತೆಯನ್ನೂ ಅಳೆದು ಬರೆದಿಟ್ಟುಕೊಳ್ಳಿ. ಕೊನೆಗೆ ಮರ ಸಮನಾಗಬೇಕಾದ್ದು ಬುಷ್ಷಿಗಲ್ಲ, ಆ ಬಿಡಿಭಾಗಕ್ಕೆ. ಹತ್ತಿಪ್ಪತ್ತು ಪೆನ್ನು ಉಜ್ಜಿದ ಬುಷ್ 0.1–0.2 ಮಿ.ಮೀ. ಸವೆದಿರುತ್ತದೆ, ಅದರ ಮಟ್ಟಕ್ಕೆ ಕಡೆದ ಮರ ಮೂತಿಗಿಂತ ತಗ್ಗಾಗಿ ಬೆರಳಿಗೆ ಅಂಚು ತಾಗುತ್ತದೆ. ಮರ ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು ಬಂದರೆ ಬುಷ್ಷನ್ನು ಬೈಯುವ ಮೊದಲು ಮ್ಯಾಂಡ್ರೆಲ್ ನೋಡಿ. ಅದು 6 ಮಿ.ಮೀ. ಆಸುಪಾಸಿನ ಸಣ್ಣ ಸರಳು, ಲೇತಿನ ಇನ್ನೊಂದು ತುದಿಯಿಂದ ಆಧಾರ ಕೊಡುವ ಟೈಲ್‌ಸ್ಟಾಕನ್ನು ಬಿಗಿಯಾಗಿ ಒತ್ತಿದರೆ ಬಿಲ್ಲಿನಂತೆ ಬಾಗುತ್ತದೆ. ಒಂದೇ ಕೊಳವೆಯ ಕಿಟ್ಟಾದರೆ ಮ್ಯಾಂಡ್ರೆಲ್ಲೇ ಇಲ್ಲದೆ ಲೇತಿನ ಎರಡು ತುದಿಯ 60 ಡಿಗ್ರಿ ಮೊನೆಗಳಾದ ಸೆಂಟರ್‌ಗಳ ನಡುವೆ ಬುಷ್ ಹಿಡಿಸಿ ಕಡೆಯಬಹುದು. ಅದಕ್ಕೆಂದೇ ಮಾಡಿದ ಬುಷ್ ಬೇಕು.

ಎಷ್ಟು ತರಿಸಬೇಕು

ಮೊದಲ ಆರ್ಡರ್ ಹೀಗಿರಲಿ: ಸ್ಲಿಮ್‌ಲೈನ್ ಐದು, ಕ್ರೋಮ್ ಲೇಪದ ಸಿಯೆರಾ ಬಗೆಯದು ಐದು, ಎರಡಕ್ಕೂ ಒಂದೊಂದು ಜೊತೆ ಬುಷ್, ಒಂದೊಂದು ಬಿಟ್. ಹೊರದೇಶದಿಂದ ತರಿಸುವುದಾದರೆ ಸಾಗಣೆ, ಸುಂಕ ಎರಡೂ ಸೇರುವುದರಿಂದ ಬುಷ್ಷನ್ನು ಮರೆತು ಆಮೇಲೆ ತರಿಸುವುದು ಕಿಟ್ಟಿಗಿಂತ ದುಬಾರಿಯಾಗುತ್ತದೆ. ಬೇರೆ ಬೇರೆ ಅಂಗಡಿಯಿಂದ ಕಿಟ್ ಒಂದು ಕಡೆ, ಬುಷ್ ಒಂದು ಕಡೆ ತರಿಸಬೇಡಿ.

ಜೊತೆಗೆ ಬಿಡಿ ಕೊಳವೆಗಳನ್ನು ಹತ್ತಾದರೂ ಹಾಕಿ. ಲೇತಿನಲ್ಲಿ ಉಳಿ ಸಿಕ್ಕಿಕೊಂಡು ಮರ ಸಿಡಿದಾಗ ಹಾಳಾಗುವುದು ಮರ ಮತ್ತು ಕೊಳವೆ ಮಾತ್ರ. ಮೂತಿ, ಮೆಕ್ಯಾನಿಸಂ, ಕ್ಲಿಪ್ ಎಲ್ಲ ಪೊಟ್ಟಣದಲ್ಲೇ ಹೊಸದಾಗಿರುತ್ತವೆ. ಬಿಡಿ ಕೊಳವೆ ಇದ್ದರೆ ಅದೇ ಸಂಜೆ ಇನ್ನೊಂದು ತುಂಡು ಕೊರೆಯಬಹುದು, ಇಲ್ಲದಿದ್ದರೆ ಒಂದು ಪೂರ್ತಿ ಕಿಟ್ ಮೂಲೆಗೆ ಬೀಳುತ್ತದೆ. ಕೊಳವೆಗಳನ್ನು ಉದ್ದಕ್ಕನುಗುಣವಾಗಿ ಬೇರೆ ಬೇರೆ ಡಬ್ಬಿಗೆ ಹಾಕಿ ಮೇಲೆ ಕಿಟ್ಟಿನ ಹೆಸರು ಬರೆಯಿರಿ. 7 ಮಿ.ಮೀ.ನ ಎಲ್ಲ ಕಿಟ್‌ಗಳ ಕೊಳವೆಯೂ ಒಂದೇ ಉದ್ದವಲ್ಲ. ಕಲೆಸಿಹೋದರೆ ಗೊತ್ತಾಗುವುದು ಪೆನ್ನು ಜೋಡಿಸಿದ ಮೇಲೆ, ರಿಫಿಲ್ ಹೊರಬರದಿದ್ದಾಗ.